ಒಡಿಸ್ಸಿ ಪುನರಾವರ್ತನೆ: ಎರಡು ಹುರಿ, 45 ಹುಣಸೆ ಬೀಜ

ಪ್ರಶ್ನೆ: 9ನೇ ತರಗತಿಗೆ ಹೋಮರನ ‘ಒಡಿಸ್ಸಿ’ಯನ್ನು ಅನುವಾದದಲ್ಲಿ ಓದಿಸಿ ಮುಗಿಸಿದ್ದೇನೆ. 36 ಮಕ್ಕಳು. ಪರೀಕ್ಷೆಗೆ ಮುಂಚೆ 45 ನಿಮಿಷದ ಎರಡು ಪೀರಿಯಡ್ ಮಾತ್ರ ಉಳಿದಿವೆ. ಪ್ರಶ್ನೋತ್ತರ ಬರೆಸಿದರೆ ಆಕಳಿಸುತ್ತಾರೆ. ಆಟ ಆಡಿಸಿದರೆ ಒಕ್ಕಣ್ಣ ರಾಕ್ಷಸನ ಹೆಸರೊಂದು ಬಿಟ್ಟು ಏನೂ ತಲೆಯಲ್ಲಿ ಉಳಿಯುವುದಿಲ್ಲ. ಏನು ಮಾಡಿಸಲಿ? (ಶಿಕ್ಷಕಿ, ಬೆಂಗಳೂರು)

ಉತ್ತರ: ಮಕ್ಕಳು ಈ ಕಾವ್ಯದಲ್ಲಿ ಎಡವುವುದು ಹೆಸರುಗಳಲ್ಲಲ್ಲ, ಕ್ರಮದಲ್ಲಿ. 24 ಸರ್ಗಗಳ ಪೈಕಿ ಮೊದಲ ನಾಲ್ಕರಲ್ಲಿ, ಟ್ರಾಯ್ ಯುದ್ಧ ಮುಗಿಸಿ ತನ್ನ ಊರು ಇಥಾಕಕ್ಕೆ ಮರಳಬೇಕಾದ ನಾಯಕ ಒಡಿಸ್ಸಿಯಸ್ ಕಾಣಿಸುವುದೇ ಇಲ್ಲ. ಸಮುದ್ರದ ಸಾಹಸಗಳೆಲ್ಲ 9ರಿಂದ 12ನೇ ಸರ್ಗದವರೆಗೆ ಅವನ ಬಾಯಿಂದಲೇ ಹಿನ್ನೋಟವಾಗಿ ಬರುತ್ತವೆ. ಆದ್ದರಿಂದ ಮೊದಲ ಪೀರಿಯಡ್ಡನ್ನು ಪೂರ್ತಿ ಕ್ರಮಕ್ಕೇ ಕೊಡಿ.

ನಾಲ್ಕು ಮೀಟರಿನ ಎರಡು ಸೆಣಬಿನ ಹುರಿಗಳನ್ನು ಬೋರ್ಡಿನ ಗೋಡೆಯ ಮೇಲೆ ಒಂದರ ಕೆಳಗೊಂದು ಕಟ್ಟಿ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ 16 ಚೀಟಿಗಳ ಎರಡು ಜೊತೆ ಮಾಡಿ, ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಬಟ್ಟೆ ಒಣಹಾಕುವ ಕ್ಲಿಪ್ಪುಗಳು 32 ಬೇಕು. ಚೀಟಿಗಳು ಇವು: ಇಥಾಕದಲ್ಲಿ ನಾಯಕನ ಮಗ ಟೆಲೆಮಕಸ್ ಕರೆದ ಸಭೆ, ಪೈಲೊಸ್ ಮತ್ತು ಸ್ಪಾರ್ಟಕ್ಕೆ ಅವನ ಪಯಣ, ಅಪ್ಸರೆ ಕ್ಯಾಲಿಪ್ಸೊ ಒಡಿಸ್ಸಿಯಸ್‌ನನ್ನು ಬಿಟ್ಟುಕೊಟ್ಟದ್ದು, ದಡದಲ್ಲಿ ರಾಜಕುಮಾರಿ ನಾಸಿಕಾ ಸಿಕ್ಕಿದ್ದು, ಅವಳ ತಂದೆಯ ಆಸ್ಥಾನದಲ್ಲಿ ಗಾಯಕ ಡೆಮೊಡೊಕಸ್ ಮರದ ಕುದುರೆಯ ಹಾಡು ಹಾಡಿದ್ದು, ಸಿಕೋನಿಯನ್ನರ ಊರಿನ ಮೇಲೆ ದಾಳಿ, ಕಮಲ ತಿನ್ನುವವರು, ಒಕ್ಕಣ್ಣ ರಾಕ್ಷಸ ಸೈಕ್ಲೋಪ್ಸ್ ಗುಹೆ, ಗಾಳಿಯ ಚೀಲ, ನರಭಕ್ಷಕ ದೈತ್ಯರಾದ ಲೆಸ್ಟ್ರಿಗೋನಿಯನ್ನರು, ಮಾಟಗಾತಿ ಸರ್ಸಿ, ಸತ್ತವರ ಲೋಕ, ಹಾಡಿ ಸೆಳೆಯುವ ಸೈರನ್ನರು, ಆರು ತಲೆಯ ಸಿಲ್ಲ, ಸೂರ್ಯನ ದನಗಳು, ಕೊನೆಗೆ ನಿದ್ದೆಯಲ್ಲೇ ಇಥಾಕದ ದಡ ಸೇರಿದ್ದು. ನಾನು ಬರೆದಿರುವುದು ಕಾವ್ಯ ಹೇಳುವ ಕ್ರಮ. ಮಕ್ಕಳಿಗೆ ಕೊಡುವಾಗ ಕಲಸಿ ಕೊಡಿ, ಚೀಟಿಯ ಮೇಲೆ ಸರ್ಗದ ಸಂಖ್ಯೆ ಬೇಡ.

16 ಮಕ್ಕಳು ಮೇಲಿನ ಹುರಿಗೆ ‘ಹೇಳಿದ ಕ್ರಮ’ದಲ್ಲಿ, ಇನ್ನು 16 ಮಂದಿ ಕೆಳಗಿನ ಹುರಿಗೆ ‘ನಡೆದ ಕ್ರಮ’ದಲ್ಲಿ ಚೀಟಿ ಸಿಕ್ಕಿಸಲಿ. ಉಳಿದ ನಾಲ್ವರು ಪುಸ್ತಕ ಹಿಡಿದು ಕೂರಲಿ. ಜಗಳ ಬಂದಾಗ ಸಾಲು ಹುಡುಕಿ ಓದುವುದು ಅವರ ಕೆಲಸ. ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ: ಒಬ್ಬರ ಚೀಟಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಬಾಯಲ್ಲಿ ಹೇಳಿ ಒಪ್ಪಿಸಬೇಕು. ಇಲ್ಲದಿದ್ದರೆ ಓದುವುದರಲ್ಲಿ ಮುಂದಿರುವ ನಾಲ್ಕು ಮಕ್ಕಳು ಐದು ನಿಮಿಷದಲ್ಲಿ ಎಲ್ಲವನ್ನೂ ಜೋಡಿಸಿ ಮುಗಿಸುತ್ತಾರೆ, ಉಳಿದವರು ನಿಂತು ನೋಡುತ್ತಾರೆ.

ಮಕ್ಕಳು ತಪ್ಪುವ ಜಾಗಗಳು ಎರಡು. ಡೆಮೊಡೊಕಸ್ ಚೀಟಿಯನ್ನು ‘ನಡೆದ ಕ್ರಮ’ದ ಮೊದಲಿಗೇ ಇಡುತ್ತಾರೆ, ಏಕೆಂದರೆ ಕುದುರೆ ಟ್ರಾಯ್‌ನದು. ಆದರೆ ಚೀಟಿಯಲ್ಲಿರುವುದು ಕುದುರೆಯಲ್ಲ, ಕುದುರೆಯ ಹಾಡು. ಅದನ್ನು ಕೇಳಿ ಒಡಿಸ್ಸಿಯಸ್ ಅಳುತ್ತಾನೆ, ಅದಕ್ಕೇ ಆ ಆಸ್ಥಾನದ ರಾಜ ಅವನನ್ನು ‘ನೀನು ಯಾರು’ ಎಂದು ಕೇಳುತ್ತಾನೆ. ಸೈರನ್ನರನ್ನು ಸತ್ತವರ ಲೋಕಕ್ಕಿಂತ ಮೊದಲು ಇಡುವುದು ಎರಡನೆಯ ತಪ್ಪು. ಸೈರನ್ನರ ಬಗ್ಗೆ ಸರ್ಸಿ ಎಚ್ಚರಿಸುವುದು ಅವರು ಸತ್ತವರ ಲೋಕದಿಂದ ಅವಳ ದ್ವೀಪಕ್ಕೆ ಮರಳಿದ ಮೇಲೆ.

ಎಲ್ಲ ಸರಿಯಾದಾಗ ಮಕ್ಕಳ ಕಣ್ಣಿಗೇ ಒಂದು ಸಂಗತಿ ಬೀಳುತ್ತದೆ. ಸಿಕೋನಿಯನ್ನರಿಂದ ಸೂರ್ಯನ ದನಗಳವರೆಗಿನ ಹತ್ತು ಚೀಟಿಗಳು ಕೆಳಗಿನ ಹುರಿಯಲ್ಲಿ ಇಡಿಯಾಗಿ ಎಡಕ್ಕೆ ಸರಿದಿರುತ್ತವೆ. ಅವುಗಳ ನಂತರ ಒಂದು ಗೇಣು ಹುರಿ ಖಾಲಿ ಬಿಡಿಸಿ: ಅದು ಕ್ಯಾಲಿಪ್ಸೊ ದ್ವೀಪದಲ್ಲಿ ಕಳೆದ ಏಳು ವರ್ಷ. ಆಗ ಕೇಳಿ: ಈ ಹತ್ತು ಘಟನೆಗಳಿಗೆ ಸಾಕ್ಷಿ ಯಾರು? ಜೊತೆಗಿದ್ದವರೆಲ್ಲ ಸತ್ತಿದ್ದಾರೆ. ಹೇಳುತ್ತಿರುವವನು ಊರಿಗೆ ಹಡಗು ಬೇಕಾದ ಅತಿಥಿ, ಮುಂದೆ ಇಥಾಕದಲ್ಲಿ ಸುಳ್ಳು ಕಥೆಗಳನ್ನು ಸರಾಗವಾಗಿ ಕಟ್ಟುವವನು. ಈ ಪ್ರಶ್ನೆಗೆ ಹತ್ತು ನಿಮಿಷ ಉಳಿಸಿಕೊಳ್ಳಿ. ಆ ಪೀರಿಯಡ್ಡಿನ ಸತ್ವ ಇದರಲ್ಲಿದೆ.

ಎರಡನೆಯ ಪೀರಿಯಡ್ಡಿಗೆ ಹುಣಸೆ ಬೀಜ ತನ್ನಿ. ಸರ್ಸಿಯ ದ್ವೀಪದಲ್ಲಿ ಒಡಿಸ್ಸಿಯಸ್ ತನ್ನವರನ್ನು ಇಬ್ಭಾಗ ಮಾಡುತ್ತಾನೆ, ಜೊತೆಗಾರ ಯೂರಿಲೊಕಸ್ ಜೊತೆ 22 ಮಂದಿ ಹೊರಡುತ್ತಾರೆ. ಈ ಕಡೆ ಉಳಿದವರೂ ಅಷ್ಟೇ ಎಂದುಕೊಂಡರೆ, ಒಡಿಸ್ಸಿಯಸ್‌ನನ್ನು ಬಿಟ್ಟು 45 ಮಂದಿ. ಆರು ಮಕ್ಕಳ ಪ್ರತಿ ಗುಂಪಿಗೆ 45 ಬೀಜ ಎಣಿಸಿ ಕೊಡಿ. ಮಾಳಿಗೆಯಿಂದ ಬಿದ್ದು ಸತ್ತ ಎಲ್ಪಿನಾರ್ ಒಬ್ಬ, ಸಿಲ್ಲ ಎತ್ತಿಕೊಂಡವರು ಆರು. ಉಳಿದದ್ದು 38. ಸೂರ್ಯನ ದನ ತಿಂದು, ಸಿಡಿಲಿಗೆ ಹಡಗು ಒಡೆದು ಮುಳುಗಿದವರು ಅಷ್ಟು. ಟ್ರಾಯ್‌ನಿಂದ ಹೊರಟ ದಿನದ ಸಂಖ್ಯೆಯನ್ನು ಹಿಂದಕ್ಕೆ ಲೆಕ್ಕಹಾಕಲು ಹೋಗಬೇಡಿ. ಲೆಸ್ಟ್ರಿಗೋನಿಯನ್ನರ ರಾಜ ತಿಂದ ಒಬ್ಬ ದೂತ ಯಾವ ಹಡಗಿನವನೆಂದು ಕಾವ್ಯ ಹೇಳುವುದಿಲ್ಲ, ಲೆಕ್ಕ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಈಗ ಕಾವ್ಯದ ಮೊದಲ ಸಾಲುಗಳನ್ನು ಓದಿಸಿ. ಜೊತೆಗಾರರು ತಮ್ಮದೇ ಅವಿವೇಕದಿಂದ, ಸೂರ್ಯನ ದನ ತಿಂದು ಸತ್ತರು ಎನ್ನುತ್ತದೆ ಅದು. ಹೊರಟದ್ದು 12 ಹಡಗು. ಅವುಗಳಲ್ಲಿ 11 ಲೆಸ್ಟ್ರಿಗೋನಿಯನ್ನರ ಬಂದರಿನಲ್ಲಿ ನಾಶವಾದವು. ಆ ಹಡಗುಗಳಲ್ಲಿದ್ದವರು ಯಾವ ದನವನ್ನೂ ಮುಟ್ಟಿರಲಿಲ್ಲ. ಹಾಗಾದರೆ ಆರಂಭದ ಮಾತು ಯಾರನ್ನು ಕಾಪಾಡುತ್ತಿದೆ? ಬೀಜಗಳು ಕೈಯಲ್ಲಿದ್ದಾಗ ಈ ಪ್ರಶ್ನೆ ಹಿಂದಿನ ಬೆಂಚಿನವರಿಗೂ ತಟ್ಟುತ್ತದೆ.

ಉಳಿದ 25 ನಿಮಿಷಕ್ಕೆ ತಾಳಮದ್ದಳೆಯ ಕ್ರಮವನ್ನು ಬಳಸಿ. ವಿಷಯ: ದನ ಕೊಂದ ತಪ್ಪು ಯಾರದು? ಒಬ್ಬರು ಭಾಗವತರ ಜಾಗದಲ್ಲಿ ಕುಳಿತು 12ನೇ ಸರ್ಗದ ನಾಲ್ಕೈದು ಸಾಲು ಓದಬೇಕು, ಅರ್ಥಧಾರಿಗಳು ಅದರ ಮೇಲೆ ಮಾತ್ರ ಮಾತು ಬೆಳೆಸಬೇಕು. ಪಾತ್ರ ಮೂರು ಸಾಕು, ಒಬ್ಬೊಬ್ಬರಿಗೆ ಮೂರು ನಿಮಿಷ. ಹಸಿವಿನಿಂದ ಸಾಯುವುದೇ ಎಲ್ಲಕ್ಕಿಂತ ಹೀನವಾದ ಸಾವು ಎಂದು ವಾದಿಸುವ ಯೂರಿಲೊಕಸ್, ಆಣೆ ಹಾಕಿಸಿಯೂ ಹೊತ್ತಿಗೆ ಸರಿಯಾಗಿ ನಿದ್ದೆಹೋದ ಒಡಿಸ್ಸಿಯಸ್, ಪರಿಹಾರ ಕೇಳುವ ಸೂರ್ಯ. ಒಂದು ತಿಂಗಳು ಬಿಡದೆ ಬೀಸಿದ ದಕ್ಷಿಣದ ಗಾಳಿಯನ್ನು ಮರೆತವರಿಗೆ ಭಾಗವತರು ಆ ಸಾಲು ಓದಿ ನೆನಪಿಸಲಿ. ಭಾಷಣ ಮನೆಯಲ್ಲಿ ಬರೆದು ತರಲು ಹೇಳಬೇಡಿ. ಬರೆದು ತಂದರೆ ಎದುರಿನವರ ಮಾತು ಕಿವಿಗೆ ಬೀಳುವುದಿಲ್ಲ, ವಾದವೇ ನಡೆಯುವುದಿಲ್ಲ.

ಇದೇ ಕ್ರಮದಲ್ಲಿ 22ನೇ ಸರ್ಗದಲ್ಲಿ ಒಡಿಸ್ಸಿಯಸ್ ಮನೆಯ 12 ದಾಸಿಯರನ್ನು ನೇಣಿಗೇರಿಸುವ ಪ್ರಸಂಗ ಮಾಡಿಸಬಹುದೇ ಎಂದು ಯೋಚಿಸುತ್ತೀರಿ. ಚರ್ಚೆಗೆ ಅದು ಬೇಕೇ ಬೇಕು, ಅವರಿಗೆ ಮಾತಾಡಲು ಅವಕಾಶವೇ ಸಿಗದೆ ಶಿಕ್ಷೆಯಾಗುತ್ತದೆ. ಆದರೆ ನೇಣಿನ ದೃಶ್ಯವನ್ನು ಅಭಿನಯಿಸಲು ಬಿಡಬೇಡಿ, ಕುಳಿತು ಮಾತಾಡಲಿ.

ಪ್ರಶ್ನೆ: ಇಷ್ಟೆಲ್ಲ ಸಿದ್ಧತೆಗೆ ಸಮಯವಿಲ್ಲ. ಕ್ವಿಜ್ ಸಾಲದೇ?

ಉತ್ತರ: ಹತ್ತು ನಿಮಿಷಕ್ಕೆ ಸಾಕು, ಪ್ರಶ್ನೆಯಲ್ಲಿ ‘ಏಕೆ’ ಇದ್ದರೆ. ‘ಸೈಕ್ಲೋಪ್ಸ್‌ನ ಹೆಸರೇನು’ ಎಂಬುದಕ್ಕೆ ಪಾಲಿಫಿಮಸ್ ಎಂದು ಕೂಗಿ ಮರೆಯುತ್ತಾರೆ. ‘ಅವನು ನಿದ್ದೆಯಲ್ಲಿದ್ದಾಗ ಒಡಿಸ್ಸಿಯಸ್ ಏಕೆ ಕೊಲ್ಲಲಿಲ್ಲ’ ಎಂದು ಕೇಳಿ. ಬಾಗಿಲಿಗಿಟ್ಟ ಬಂಡೆಯನ್ನು 22 ಗಾಡಿಗಳಿಂದಲೂ ಕದಲಿಸಲಾಗದು, ಅವನು ಸತ್ತರೆ ಒಳಗಿದ್ದವರಿಗೆ ಆ ಗುಹೆಯೇ ಸಮಾಧಿ. ಉತ್ತರದ ಜೊತೆಗೆ ಇಡೀ ಉಪಾಯ ನೆನಪಿಗೆ ಬರುತ್ತದೆ: ಕಣ್ಣು ಕುರುಡಾಗಬೇಕು, ಕೈಗೆ ಬಲ ಉಳಿಯಬೇಕು.

ಪ್ರಶ್ನೆ: ಅಮೆರಿಕದಲ್ಲಿ ಮಗಳಿಗೆ 9ನೇ ತರಗತಿಯಲ್ಲಿ ‘ಒಡಿಸ್ಸಿ’ ಇದೆ. ಮನೆಯಲ್ಲಿ ನಾವಿಬ್ಬರೇ. ನನಗೆ ರಾಮಾಯಣ, ಮಹಾಭಾರತ ಚೆನ್ನಾಗಿ ಗೊತ್ತು. ಹೋಲಿಸಿ ಹೇಳಿಕೊಡಬಹುದೇ?

ಉತ್ತರ: ಧಾರಾಳವಾಗಿ, ಆದರೆ ಹೋಲುವುದರ ಪಕ್ಕದಲ್ಲಿ ಹೋಲದ್ದನ್ನೂ ಬರೆಸಿ. ಬಿಲ್ಲಿನ ಪಂದ್ಯ ಎಂದೊಡನೆ ಶಿವಧನುಸ್ಸು ನೆನಪಾಗುತ್ತದೆ. ಅದಕ್ಕಿಂತ ದ್ರೌಪದಿಯ ಸ್ವಯಂವರ ಹತ್ತಿರ: ವೇಷ ಮರೆಸಿದವನು ಹೆದೆಯೇರಿಸಿ ಗುರಿ ಹೊಡೆಯುತ್ತಾನೆ, ಹಿಂದೆಯೇ ಹೊಡೆದಾಟ. ಹೋಲದ್ದು ಏನು? ಇಥಾಕದಲ್ಲಿ ಬಿಲ್ಲು ಗಂಡನದೇ, ಪಂದ್ಯ ಇಟ್ಟವಳು ಅವನ ಹೆಂಡತಿ ಪೆನೆಲೊಪೆ. ಮಗ ಟೆಲೆಮಕಸ್ ನಾಲ್ಕನೆಯ ಸಲ ಹೆದೆಯೇರಿಸಿಯೇ ಬಿಡುತ್ತಿದ್ದ, ಅಪ್ಪ ತಲೆಯಾಡಿಸಿ ತಡೆಯುತ್ತಾನೆ. ‘ಏಕೆ ತಡೆದ’ ಎಂದು ಮಗಳನ್ನು ಕೇಳಿ, ಅರ್ಧ ಗಂಟೆ ಮಾತು ಸಾಗುತ್ತದೆ.

ಇಬ್ಬರೇ ಇರುವಾಗ ಊಟದ ಮೇಜಿನ ಮೇಲೆ ನಾಲ್ಕು ವಸ್ತು ಇಡಿ: ನಾಯಿಯ ಚಿತ್ರ, ಗಾಯಕ್ಕೆ ಅಂಟಿಸುವ ಪಟ್ಟಿ, ಮರದ ಸೌಟು, ಒಂದು ಅಂಜೂರ. ನಾಲ್ಕೂ ಒಡಿಸ್ಸಿಯಸ್‌ನ ಗುರುತು ಸಿಕ್ಕ ಸಂದರ್ಭಗಳು. ನಾಯಿ ಆರ್ಗೊಸ್ ಕಂಡ ಕೂಡಲೇ ಗುರುತಿಸುತ್ತದೆ, ಅವನು ಕಣ್ಣೀರು ಮರೆಸಿಕೊಳ್ಳುತ್ತಾನೆ. ಕಾಲು ತೊಳೆಯುವಾಗ ಗಾಯದ ಕಲೆ ಕಂಡ ದಾದಿ ಯೂರಿಕ್ಲಿಯಳ ಗಂಟಲನ್ನೇ ಅದುಮಿ ಬಾಯಿ ಮುಚ್ಚಿಸುತ್ತಾನೆ. ಸೌಟು ಎಂದರೆ ಮಂಚ: ಬೇರುಬಿಟ್ಟ ಆಲಿವ್ ಮರದ ಬೊಡ್ಡೆಯೇ ಅದರ ಕಾಲು, ಅದನ್ನು ಹೊರಗೆ ಹಾಕಿಸುವ ಮಾತಾಡಿ ಪೆನೆಲೊಪೆ ಅವನನ್ನೇ ಪರೀಕ್ಷಿಸುತ್ತಾಳೆ. ಅಂಜೂರ ಕೊನೆಯದು, ಮುದಿತಂದೆ ಲೇಯರ್ಟಿಸ್ ಮುಂದೆ ಒಡಿಸ್ಸಿಯಸ್, ತನ್ನ ಚಿಕ್ಕಂದಿನಲ್ಲಿ ತಂದೆ ಕೊಟ್ಟ ಮರಗಳನ್ನು ಎಣಿಸುತ್ತಾನೆ: 13 ಪೇರು, 10 ಸೇಬು, 40 ಅಂಜೂರ, ದ್ರಾಕ್ಷಿಬಳ್ಳಿಯ 50 ಸಾಲು.

ಒಂದೊಂದು ವಸ್ತು ಎತ್ತಿದಾಗಲೂ ಎರಡೇ ಪ್ರಶ್ನೆ ಸಾಕು: ಗುರುತು ಸಿಗಬೇಕೆಂದು ಅವನಿಗೆ ಇಷ್ಟವಿತ್ತೇ? ಪರೀಕ್ಷೆ ಮಾಡುತ್ತಿದ್ದವರು ಯಾರು? ಮಂಚದ ಸರದಿ ಬಂದಾಗ ಎರಡನೆಯದಕ್ಕೆ ಮಗಳೇ ಉತ್ತರ ಹುಡುಕಲಿ, ನೀವು ಬಾಯಿಬಿಡಬೇಡಿ. ಅಂಜೂರವನ್ನು ಕೊನೆಗೆ ಇಬ್ಬರೂ ಹಂಚಿಕೊಂಡು ತಿನ್ನಿ.