ಬಡಾವಣೆ ರಸ್ತೆಗೆ ಡಾಂಬರು: ಎಷ್ಟು ಟನ್ ಮಾಲು, ಎಷ್ಟು ದುಡ್ಡು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ತುಮಕೂರಿನ ಹೊರಗೆ ಒಂದು ಖಾಸಗಿ ಬಡಾವಣೆ. ರಸ್ತೆ 240 ಮೀಟರ್ ಉದ್ದ, 18 ಅಡಿ ಅಗಲ. ಹಳೆಯ ಡಾಂಬರು ಸವೆದು ಅಲ್ಲಲ್ಲಿ ಗುಂಡಿ ಬಿದ್ದಿದೆ. ಒಬ್ಬ ಗುತ್ತಿಗೆದಾರರು ಚದರ ಅಡಿಗೆ 48 ರೂಪಾಯಿ ಅಂದಿದ್ದಾರೆ, ಇನ್ನೊಬ್ಬರು 75. ಇಬ್ಬರೂ ಹಾಕುತ್ತೇವೆ ಅಂದಿದ್ದು 'ಒಂದೂವರೆ ಇಂಚು'. ಸಂಘದ ಸಭೆಗೆ ಮುಂಚೆ ಮಾಲಿನ ಲೆಕ್ಕವನ್ನು ನಾವೇ ಹಾಕಿಕೊಳ್ಳಬಹುದೇ ಅಂತ ಕೇಳಿದ್ದೀರಿ.

ಖಂಡಿತ ಹಾಕಬಹುದು. ರಸ್ತೆ ಕೆಲಸದ ಎಸ್ಟಿಮೇಟ್ ಮಾಡುವುದೇ ನನ್ನ ಉದ್ಯೋಗ, ಆ ಅನುಭವದಿಂದ ಹೇಳುತ್ತಿದ್ದೇನೆ. ಮೊದಲು ಒಂದು ಮಾತು: ಚದರ ಅಡಿ ದರದಲ್ಲಿ ಮಾತಾಡುವುದನ್ನು ಇವತ್ತಿಗೇ ಬಿಡಿ. ಅಕ್ಕಿ ಕೊಳ್ಳುವಾಗ ಚೀಲದ ಉದ್ದಗಲ ನೋಡಿ ಯಾರೂ ದುಡ್ಡು ಕೊಡುವುದಿಲ್ಲ. ಡಾಂಬರು ಮಿಕ್ಸ್, ಅಂದರೆ ಜಲ್ಲಿಗೆ ಬಿಸಿ ಡಾಂಬರು ಕಲಸಿದ ಮಾಲು ಕೂಡ ಪ್ಲಾಂಟಿನಿಂದ ತೂಕದಲ್ಲೇ ಹೊರಡುವ ಸರಕು, ಅದನ್ನು ಟನ್ನಿನಲ್ಲೇ ಲೆಕ್ಕ ಹಾಕಬೇಕು.

ಮೊದಲು ವಿಸ್ತೀರ್ಣ. 18 ಅಡಿ ಅಂದರೆ ಸುಮಾರು 5.5 ಮೀಟರ್. 240 × 5.5 = 1320 ಚದರ ಮೀಟರ್. ಅಡ್ಡರಸ್ತೆ ಸೇರುವ ಮೂಲೆಗಳಲ್ಲಿ ರಸ್ತೆ ಬಾಗಿ ಅಗಲವಾಗುತ್ತದಲ್ಲ, ಅದನ್ನು ಬಹಳ ಜನ ಮರೆಯುತ್ತಾರೆ. ಮೂಲೆಯ ತ್ರಿಜ್ಯವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.215ರಿಂದ ಗುಣಿಸಿದರೆ ಒಂದು ಮೂಲೆಯ ಹೆಚ್ಚುವರಿ ಜಾಗ ಸಿಗುತ್ತದೆ. 6 ಮೀಟರ್ ತ್ರಿಜ್ಯಕ್ಕೆ 7.7 ಚದರ ಮೀಟರ್. ನಿಮ್ಮಲ್ಲಿ ಅಂಥ ನಾಲ್ಕು ಮೂಲೆ ಇವೆ ಅಂದುಕೊಂಡು ಒಟ್ಟು 1350 ಚದರ ಮೀಟರ್ ಹಿಡಿಯುತ್ತೇನೆ. ಅಂದರೆ ಸುಮಾರು 14,530 ಚದರ ಅಡಿ.

ಇನ್ನು ದಪ್ಪ. ನಿಮ್ಮ ಎರಡು ಕೊಟೇಶನ್‌ಗಳ ನಡುವಿನ ವ್ಯತ್ಯಾಸವೆಲ್ಲ ಇರುವುದು ಇಲ್ಲೇ ಅಂತ ನನ್ನ ಅಂದಾಜು. ಪೇವರ್‌ನಿಂದ, ಅಂದರೆ ಹಾಸುವ ಯಂತ್ರದಿಂದ ಬಿದ್ದ ಮಿಕ್ಸ್ ರೋಲರ್ ಓಡಿದ ಮೇಲೆ ಸುಮಾರು ಐದನೇ ಒಂದರಷ್ಟು ಕುಗ್ಗುತ್ತದೆ. ಒಂದೂವರೆ ಇಂಚು ಅಂದರೆ 38 ಮಿ.ಮೀ. ಅದು ರೋಲರ್ ಓಡುವ ಮುಂಚಿನ ಅಳತೆಯಾದರೆ, ಕೊನೆಗೆ ನಿಮ್ಮ ರಸ್ತೆಯಲ್ಲಿ ಉಳಿಯುವುದು 30 ಮಿ.ಮೀ. 'ಒಂದೂವರೆ ಇಂಚು' ಅನ್ನುವ ಮಾತು ಎರಡಕ್ಕೂ ಒಪ್ಪುತ್ತದೆ. ಆದ್ದರಿಂದ ಕಾಗದದಲ್ಲಿ 'ರೋಲಿಂಗ್ ಆದ ಮೇಲೆ 40 ಮಿ.ಮೀ.' ಅಂತಲೇ ಬರೆಸಿ.

ತೂಕಕ್ಕೆ ಬೇಕಾದದ್ದು ಸಾಂದ್ರತೆ. ನೀವು ಹಾಕಿಸಬೇಕಾದ ಮಿಕ್ಸ್ ಬಿಟುಮಿನಸ್ ಕಾಂಕ್ರೀಟ್, ರಸ್ತೆಯ ಮೇಲ್ಪದರಕ್ಕೆ ಹಾಕುವ ದಟ್ಟ ಬಗೆಯದು, ನಮ್ಮ ಬಾಯಲ್ಲಿ ಬಿ.ಸಿ. ತುಮಕೂರು ಕಡೆಯ ಗ್ರಾನೈಟ್ ಜಲ್ಲಿಯ ಬಿ.ಸಿ. ಚೆನ್ನಾಗಿ ಅಮುಕಿದಾಗ ಒಂದು ಘನ ಮೀಟರ್ ಸುಮಾರು 2.4 ಟನ್ ತೂಗುತ್ತದೆ. ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಬಸಾಲ್ಟ್ ಕಲ್ಲಿನ ಜಲ್ಲಿ ಇದಕ್ಕಿಂತ ಭಾರ, ಅಲ್ಲಿ ಇದೇ ರಸ್ತೆಗೆ ಟನ್ ಹೆಚ್ಚು ಬೇಕಾಗುತ್ತದೆ. ಪ್ಲಾಂಟಿನವರ ಬಳಿ ಮಿಕ್ಸಿನಲ್ಲಿ ಯಾವುದು ಎಷ್ಟು ಅಂತ ಹೇಳುವ ಜಾಬ್ ಮಿಕ್ಸ್ ವರದಿ ಇರುತ್ತದೆ. ಅದರಲ್ಲಿ ಮಾರ್ಷಲ್ ಸಾಂದ್ರತೆ, ಅಂದರೆ ಪ್ರಯೋಗಾಲಯದಲ್ಲಿ ಅಮುಕಿದ ಮಾದರಿಯ ಸಾಂದ್ರತೆ ಎಷ್ಟಿದೆ ಅಂತ ಕೇಳಿ, 2.4ರ ಬದಲು ಅದನ್ನೇ ಬಳಸಿ. ನೆನಪಿಡಲು ಸುಲಭದ ಅಂಕಿ ಇದು: ಒಂದು ಚದರ ಮೀಟರಿನಲ್ಲಿ ಒಂದು ಮಿ.ಮೀ. ದಪ್ಪಕ್ಕೆ 2.4 ಕೆ.ಜಿ. ಮಾಲು.

1350 × 0.040 = 54 ಘನ ಮೀಟರ್. 54 × 2.4 = 129.6 ಟನ್.

ಇಷ್ಟಕ್ಕೇ ನಿಲ್ಲಿಸಿದರೆ ಮಾಲು ಸಾಲುವುದಿಲ್ಲ. ಹಳೆಯ ರಸ್ತೆ ಸಮತಟ್ಟಾಗಿರುವುದಿಲ್ಲ, ಮೇಲೆ 40 ಮಿ.ಮೀ. ಬರಬೇಕಾದರೆ ಮೊದಲು ತಗ್ಗು ತುಂಬಬೇಕು. ಇದನ್ನು ಕಣ್ಣಂದಾಜಿಗೆ ಬಿಡಬೇಡಿ. ಪ್ಲಾಸ್ಟರಿಂಗ್ ಮೇಸ್ತ್ರಿಗಳ ಹತ್ತಿರ ಇರುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ, ಸುಮಾರು 3 ಮೀಟರಿನದು, ಒಂದು ತನ್ನಿ. ಪ್ರತಿ 10 ಮೀಟರಿಗೆ ಒಮ್ಮೆ, ರಸ್ತೆಯ ಉದ್ದಕ್ಕೆ, ಎಡ, ನಡು, ಬಲ ಅಂತ ಮೂರು ಸಾಲಿನಲ್ಲಿ ಇಡಿ. ಪಟ್ಟಿಯ ಕೆಳಗಿನ ಸಂದನ್ನು ಎರಡು ಮೂರು ಕಡೆ ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಎಲ್ಲದರ ಸರಾಸರಿಯೇ ನಿಮ್ಮ ಮಟ್ಟ ಸರಿಪಡಿಸುವ ದಪ್ಪ. ಬಡಾವಣೆಯ ಇಬ್ಬರು ಹುಡುಗರು ಒಂದು ಬೆಳಿಗ್ಗೆ ಮಾಡಿ ಮುಗಿಸುವ ಕೆಲಸ ಇದು, ಅದರಿಂದ ಸಿಗುವ ಮಾಹಿತಿ ಇಬ್ಬರು ಗುತ್ತಿಗೆದಾರರಲ್ಲಿ ಯಾರ ಬಳಿಯೂ ಇರಲಾರದು.

ಸರಾಸರಿ 8 ಮಿ.ಮೀ. ಬಂತು ಅಂದುಕೊಳ್ಳೋಣ. 1350 × 0.008 × 2.4 = 25.9 ಟನ್. ಗುಂಡಿಗಳನ್ನು ಬೇರೆಯಾಗಿ ಅಳೆಯಿರಿ, ಚೌಕಾಕಾರವಾಗಿ ಕತ್ತರಿಸಿದರೆ ಎಷ್ಟಾಗುತ್ತದೋ ಅಷ್ಟು. ಎಲ್ಲ ಸೇರಿ 30 ಚದರ ಮೀಟರ್, 50 ಮಿ.ಮೀ. ಆಳ ಎಂದರೆ 3.6 ಟನ್. ಒಟ್ಟು 159.1 ಟನ್. ಅಂಚಿನಲ್ಲಿ, ಟಿಪ್ಪರಿನಲ್ಲಿ, ಪೇವರಿನಲ್ಲಿ ಉಳಿದು ಹೋಗುವುದಕ್ಕೆ 3% ಸೇರಿಸಿ. 164 ಟನ್ ಆಯಿತು.

ಇದರಲ್ಲಿ ಡಾಂಬರು ಎಷ್ಟು? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2013ರ ನಿರ್ದಿಷ್ಟತೆಯಲ್ಲಿ ಬಿ.ಸಿ.ಗೆ ಎರಡು ಗ್ರೇಡಿಂಗ್, ಅಂದರೆ ಜಲ್ಲಿ ಗಾತ್ರದ ಎರಡು ವಿಂಗಡಣೆ ಇವೆ. 30ರಿಂದ 40 ಮಿ.ಮೀ. ದಪ್ಪಕ್ಕೆ ಹಾಕುವ ಎರಡನೇ ಗ್ರೇಡಿಂಗಿನಲ್ಲಿ ಮಿಕ್ಸಿನ ತೂಕದ ಕನಿಷ್ಠ 5.4% ಡಾಂಬರು ಇರಬೇಕು. 164ರ 5.4% ಅಂದರೆ 8.86 ಟನ್, ನಿಮ್ಮಂಥ ರಸ್ತೆಗೆ ವಿಜಿ-30 ದರ್ಜೆಯ ಡಾಂಬರು ಸರಿ. ಉಳಿದ ಸುಮಾರು 155 ಟನ್ನಿನಲ್ಲಿ 2% ಫಿಲ್ಲರ್, ಅಂದರೆ ಸಿಮೆಂಟ್ ಅಥವಾ ಸುಣ್ಣದ ಪುಡಿ, 3.1 ಟನ್. ಮಿಕ್ಕ 152 ಟನ್ ಜಲ್ಲಿ ಮತ್ತು ಕ್ರಷರ್ ಡಸ್ಟ್. ಹಳೆಯ ಮೈಗೂ ಹೊಸ ಮಿಕ್ಸಿಗೂ ಅಂಟು ಹಿಡಿಸುವ ಟ್ಯಾಕ್ ಕೋಟ್ ಎಮಲ್ಶನ್ (ನೀರಿನಲ್ಲಿ ಬೆರೆಸಿದ ಡಾಂಬರು) ಚದರ ಮೀಟರಿಗೆ 0.25 ಕೆ.ಜಿ. ಹಿಡಿದರೆ 340 ಕೆ.ಜಿ. ಬೇಕು. ಬಹಳ ಕಡೆ ಇದನ್ನು ಸುಮ್ಮನೆ ಚಿಮುಕಿಸಿ ಮುಗಿಸುತ್ತಾರೆ. ಮುಂದೆ ಹೊಸ ಪದರ ಹಪ್ಪಳದ ಹಾಗೆ ಎದ್ದು ಬರುವುದಕ್ಕೆ ಇದೂ ಒಂದು ಕಾರಣ.

ದುಡ್ಡಿಗೆ ಬರೋಣ. ಕೆಳಗಿನ ದರಗಳು ಲೆಕ್ಕದ ದಾರಿ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ವಾರದ ದರ ಕೇಳಿ ಬದಲಿಸಿಕೊಳ್ಳಿ. ಡಾಂಬರು ಟನ್ನಿಗೆ 50,000ದಂತೆ 4,42,800 ರೂಪಾಯಿ. ಜಲ್ಲಿ, ಡಸ್ಟ್ ಟನ್ನಿಗೆ 800ರಂತೆ 1,21,600. ಸಿಮೆಂಟ್ 62 ಚೀಲ, 400ರಂತೆ 24,800. ಎಮಲ್ಶನ್ ಕೆ.ಜಿ.ಗೆ 50ರಂತೆ 17,000. ಮಾಲಿನ ಒಟ್ಟು 6,06,200. ತೂಕದಲ್ಲಿ ನೂರಕ್ಕೆ ಐದೂವರೆಯೂ ಇಲ್ಲದ ಡಾಂಬರು ಮಾಲಿನ ಖರ್ಚಿನಲ್ಲಿ ನೂರಕ್ಕೆ 73 ಪಾಲು ತಿನ್ನುತ್ತದೆ. ಹಾಗಾಗಿಯೇ ಕಳಪೆ ಕೆಲಸದಲ್ಲಿ ಮೊದಲು ಕಡಿತವಾಗುವುದು ಡಾಂಬರೇ. ಮಿಕ್ಸಿನ ಸ್ಯಾಂಪಲ್ ತೆಗೆದು, ಅದರಿಂದ ಡಾಂಬರು ಬೇರ್ಪಡಿಸಿ ಅಳೆಯುವ ಎಕ್ಸ್‌ಟ್ರಾಕ್ಷನ್ ಪರೀಕ್ಷೆ ಮಾಡಿಸಿದರೆ ಶೇಕಡಾವಾರು ಹೊರಗೆ ಬರುತ್ತದೆ. ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ವಿಚಾರಿಸಿ.

ಮಿಕ್ಸ್ ಬೇಯಿಸುವ ಇಂಧನ, ಪ್ಲಾಂಟ್, ಟಿಪ್ಪರ್ ಬಾಡಿಗೆ, ಪೇವರ್, ರೋಲರ್, ಕೂಲಿ ಎಲ್ಲಕ್ಕೂ ಟನ್ನಿಗೆ 1,000 ಹಿಡಿದರೆ 1,64,000. ಗುತ್ತಿಗೆದಾರರ ಮೇಲ್ಖರ್ಚು ಮತ್ತು ಲಾಭ 15%. ಅವರೂ ಬದುಕಬೇಕು, ಇದರಲ್ಲಿ ಚೌಕಾಶಿ ಮಾಡಿ ಗೆದ್ದವರು ಆ ಹಣವನ್ನು ರಸ್ತೆಯ ದಪ್ಪದಲ್ಲಿ ಕಳೆದುಕೊಂಡಿದ್ದೇ ನಾನು ನೋಡಿದ್ದು. ಅಲ್ಲಿಗೆ 8,85,730. ಜಿಎಸ್‌ಟಿ 18% ಸೇರಿ 10,45,000 ಚಿಲ್ಲರೆ. ಚದರ ಅಡಿಗೆ 72 ರೂಪಾಯಿ.

ಈಗ ನಿಮ್ಮ 48 ರೂಪಾಯಿಯ ಕೊಟೇಶನ್ ನೋಡಿ. ಅದರ ಮೊತ್ತ 7 ಲಕ್ಷಕ್ಕೆ ಸ್ವಲ್ಪ ಕಡಿಮೆ. ಜಿಎಸ್‌ಟಿ ಒಳಗೊಂಡ ದರವಾದರೆ ತೆರಿಗೆ ಕಳೆದು ಅವರ ಕೈಗೆ ಉಳಿಯುವುದು 5.9 ಲಕ್ಷ, ಮೇಲಿನ ಮಾಲಿನ ಖರ್ಚಿಗೇ ಸಾಲದು. ಇದೇ ದರಗಳಲ್ಲಿ 30 ಮಿ.ಮೀ. ದಪ್ಪ ಹಿಡಿದು, ಮಟ್ಟ ಸರಿಪಡಿಸುವುದು, ಗುಂಡಿ, ಉಳಿದು ಹೋಗುವ 3% ಮೂರನ್ನೂ ಬಿಟ್ಟು ನಾನು ಲೆಕ್ಕ ಹಾಕಿದೆ. 97 ಟನ್ ಮಾಲು, ತೆರಿಗೆ ಸೇರಿ ಚದರ ಅಡಿಗೆ 43 ರೂಪಾಯಿ ಬರುತ್ತದೆ. ಅವರು ಕೊಡಲು ಹೊರಟಿರುವುದು ಈ ರಸ್ತೆ. ಅದನ್ನು ಮೋಸ ಅನ್ನಲಾರೆ, 30 ಮಿ.ಮೀ. ಕೂಡ ನಿರ್ದಿಷ್ಟತೆಯೊಳಗೇ ಇದೆ. ಆದರೆ ಗುಂಡಿ ಬಿದ್ದ ನಿಮ್ಮ ರಸ್ತೆಗೆ ನಾನು ಅದನ್ನು ಸೂಚಿಸುವುದಿಲ್ಲ. 75 ಅಂದವರ ದರದಲ್ಲಿ ಜಿಎಸ್‌ಟಿ, ತಗ್ಗು ತುಂಬುವುದು ಎರಡೂ ಸೇರಿವೆಯೇ ಕೇಳಿ. ಸೇರಿದ್ದರೆ ಅದು ನ್ಯಾಯವಾದ ದರ.

ದಪ್ಪದ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಿಮ್ಮ ಕೆಲಸದಲ್ಲಿ ಡಾಂಬರಿನ ಬೆಲೆ ಟನ್ನಿಗೆ 1,000 ರೂಪಾಯಿ ಏರಿದರೆ ಬೀಳುವ ಹೊರೆ 8,860 ರೂಪಾಯಿ. ದಪ್ಪ 5 ಮಿ.ಮೀ. ಕಡಿಮೆಯಾದರೆ ತಪ್ಪುವ ಮಾಲು 16.2 ಟನ್, ಬೆಲೆ 58,000. ಸಭೆಯಲ್ಲಿ ಎಲ್ಲರೂ ಬೆಲೆಯ ಬಗ್ಗೆ ಜಗ್ಗಾಡುತ್ತಾರೆ, ಕೆಲಸದ ದಿನ ಸ್ಕೇಲ್ ಹಿಡಿದು ನಿಲ್ಲುವವರು ಯಾರೂ ಇರುವುದಿಲ್ಲ.

ಕೆಲಸದ ದಿನದ ಕಾವಲು ಹೀಗೆ. ಪ್ರತಿ ಟಿಪ್ಪರಿನ ವೇಬ್ರಿಜ್ ಚೀಟಿ ಕೈಗೆ ತೆಗೆದುಕೊಳ್ಳಿ, ಖಾಲಿ ತೂಕ ಮತ್ತು ತುಂಬಿದ ತೂಕ ಎರಡೂ ಇರಲಿ. 16 ಟನ್ನಿನ ಒಂದು ಲೋಡು ನಿಮ್ಮ 5.5 ಮೀಟರ್ ಅಗಲಕ್ಕೆ, 40 ಮಿ.ಮೀ. ದಪ್ಪದಲ್ಲಿ, 30 ಮೀಟರ್ ಉದ್ದ ಬರಬೇಕು. ತಗ್ಗು ತುಂಬಿಕೊಂಡು ಹೋದರೆ 25 ಮೀಟರ್. ರಸ್ತೆ ಬದಿಯ ಕಲ್ಲಿನ ಮೇಲೆ ಸುಣ್ಣದಲ್ಲಿ ಮೊದಲೇ ಗುರುತು ಹಾಕಿಡಿ. ಒಂದು ಲೋಡು 38 ಮೀಟರ್ ದಾಟಿತು ಅಂದರೆ ಕೆಲಸ ನಿಲ್ಲಿಸಿ ಮಾತಾಡುವ ಹೊತ್ತು ಬಂತು, ಯಾಕೆಂದರೆ ಆಮೇಲೆ ರಸ್ತೆಯಿಂದ ಕೋರ್, ಅಂದರೆ ಕೊರೆದ ತುಂಡು ತೆಗೆದು ನೋಡುವುದಕ್ಕಿಂತ ಬಿಸಿ ಇರುವಾಗಲೇ ಸರಿಪಡಿಸುವುದು ಸುಲಭ. ಹಾಸುವಾಗ ಮಿಕ್ಸ್ 140 ಡಿಗ್ರಿಗಿಂತ ಕಡಿಮೆ ಇರಬಾರದು, 90ಕ್ಕೆ ಇಳಿಯುವ ಮುಂಚೆ ರೋಲಿಂಗ್ ಮುಗಿಯಬೇಕು. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಪ್ಲಾಂಟ್ ತುಂಬ ದೂರವಿದ್ದರೆ ಟಿಪ್ಪರಿಗೆ ತಾಡಪಾಲು ಹೊದಿಸಿದ್ದಾರೆಯೇ ನೋಡಿ.

ಸಂಘದಲ್ಲಿ ಹತ್ತು ಲಕ್ಷ ಕೂಡುವುದಿಲ್ಲ ಅಂದರೆ, 40ನ್ನು 25 ಮಾಡಿ ಅಂತ ಕೇಳಬೇಡಿ. ಅದರ ಬದಲು ಹಳ್ಳಿ ರಸ್ತೆಗಳಿಗೆ ಹಾಕುವ 20 ಮಿ.ಮೀ. ಪ್ರಿಮಿಕ್ಸ್ ಕಾರ್ಪೆಟ್ ಬಗ್ಗೆ ಯೋಚಿಸಿ. ಅದು ಬೇರೆಯದೇ ಪದ್ಧತಿ, ಅದರ ಲೆಕ್ಕ 10 ಚದರ ಮೀಟರಿನ ಅಳತೆಯಲ್ಲಿ: 0.27 ಘನ ಮೀಟರ್ ಸಣ್ಣ ಜಲ್ಲಿ, 14.6 ಕೆ.ಜಿ. ಡಾಂಬರು, ನೀರು ಇಳಿಯದಂತೆ ಮೇಲೆ ಮುಚ್ಚುವ ಸೀಲ್ ಕೋಟಿಗೆ ಇನ್ನು 6.8 ಕೆ.ಜಿ. ನಿಮ್ಮ 1350 ಚದರ ಮೀಟರಿಗೆ ಒಟ್ಟು 2.9 ಟನ್ ಡಾಂಬರು, ಗುಂಡಿ ಮತ್ತು ತಗ್ಗಿನ ಮಾಲು ಬೇರೆ. ರಸ್ತೆಗೆ ಬಲ ಕೊಡುವುದಿಲ್ಲ, ಮೈ ಮುಚ್ಚುತ್ತದೆ. ಕಾರು, ಸ್ಕೂಟರ್ ಮಾತ್ರ ಓಡಾಡುವ ಕಡೆ ಕೆಲವು ವರ್ಷ ನಡೆಯುತ್ತದೆ. ಮನೆ ಕಟ್ಟುವ ಸೈಟುಗಳು ಇನ್ನೂ ಖಾಲಿ ಇದ್ದು ಜಲ್ಲಿ ಲಾರಿಗಳು ಬರುವುದಿದ್ದರೆ ಬೇಡ.

ಕೊನೆಯದಾಗಿ ಕೊಟೇಶನ್ ಕಾಗದದ ಮಾತು. ತೈಲ ಕಂಪನಿಗಳು ಡಾಂಬರಿನ ಬೆಲೆಯನ್ನು ತಿಂಗಳಿಗೆ ಎರಡು ಸಲ ಪರಿಷ್ಕರಿಸುತ್ತವೆ. ಆದ್ದರಿಂದ ಯಾವ ದಿನದ ಬೆಲೆ ಹಿಡಿದಿದ್ದಾರೆ, ಟನ್ನಿಗೆ ಎಷ್ಟು ಎಂದು ಬರೆಸಿ. ಏರಿದರೂ ಇಳಿದರೂ 8.86 ಟನ್ನಿಗೆ ಮಾತ್ರ ವ್ಯತ್ಯಾಸ ಕೊಡುವುದು ಅಂತ ಒಂದು ಸಾಲು ಸೇರಿಸಿ. ಪಟ್ಟಿ ಇಟ್ಟು ಅಳೆದ ಮೇಲೆ ಬಂದ ಸರಾಸರಿಯನ್ನು ಇಲ್ಲಿ ಹಾಕಿ, 8 ಮಿ.ಮೀ.ಗಿಂತ ಬೇರೆ ಇದ್ದರೆ ಟನ್ ಲೆಕ್ಕ ತಿದ್ದಿ ಕೊಡುತ್ತೇನೆ.