ಫುಟ್ಬಾಲಲ್ಲಿ ವಿಎಆರ್ ಬಂದ್ಮೇಲೂ ರೆಫ್ರಿ ಮೇಲಿನ ಅನುಮಾನ ಯಾಕೆ ಹೋಗ್ಲಿಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳ್ಕೋಬೇಡಿ. "ಇಷ್ಟೊಂದು ಕ್ಯಾಮೆರಾ ಇಟ್ಕೊಂಡು, ರೂಮಲ್ಲಿ ಕೂತು ಹತ್ತು ಸಲ ರೀಪ್ಲೇ ನೋಡಿ, ಕೊನೆಗೂ ದೊಡ್ಡ ಟೀಮ್ ಕಡೆಗೇ ತೀರ್ಪು ಕೊಡ್ತಾರಲ್ಲ, ಇದು ಮೋಸ ಅಲ್ವಾ, ಇಲ್ಲ ನನಗೊಬ್ಬನಿಗೇ ಹಾಗೆ ಅನ್ಸೋದಾ" ಅಂತ ವಿಎಆರ್ (ರೂಮಲ್ಲಿ ಕೂತು ವಿಡಿಯೋ ನೋಡಿ ಮೈದಾನದ ರೆಫ್ರಿಗೆ ಹೇಳೋ ವ್ಯವಸ್ಥೆ) ಬಗ್ಗೆ ಕೇಳಿದೀರ. ನಿಮಗೊಬ್ರಿಗೇ ಅಲ್ಲ ಸ್ವಾಮಿ. ನಮ್ದು ಕೊಡಗು, ಸಿದ್ದಾಪುರದ ಹತ್ರ. ಇಲ್ಲಿ ಶನಿವಾರ ರಾತ್ರಿ ಒಟ್ಟಿಗೆ ಮ್ಯಾಚ್ ನೋಡೋ ಹನ್ನೆರಡು ಜನ ಇದೀವಿ, ಹನ್ನೆರಡೂ ಜನಕ್ಕೆ ರೆಫ್ರಿ ಮೋಸ ಮಾಡೋದು ಕಾಣುತ್ತೆ, ಆದ್ರೆ ಒಬ್ಬೊಬ್ಬನಿಗೂ ಅವನವನ ಟೀಮಿಗೆ ಮಾತ್ರ ಕಾಣುತ್ತೆ.

ನಾನು ಇಂಗ್ಲೆಂಡಿನ ಲಿವರ್‌ಪೂಲ್ ಟೀಮಿನ ಕಡೆ. ಮೊದ್ಲೇ ಹೇಳಿಬಿಡ್ತೀನಿ, ಆಮೇಲೆ ಕಾಮೆಂಟಲ್ಲಿ ಕಂಡುಹಿಡಿದು ಬೈಬೇಡಿ. 2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್ ಜೊತೆ ಮ್ಯಾಚ್, ನಮ್ಮ ಟೈಮಲ್ಲಿ ರಾತ್ರಿ 10 ಗಂಟೆಗೆ ಶುರು. ಕರೆಂಟ್ ಇಲ್ಲ, ಇನ್ವರ್ಟರ್ ಕೂಡ ಕುಯ್ಯೋ ಅಂತಿತ್ತು, ಒಂದು ಫೋನಿಗೆ ನಾಲ್ಕು ಜನ ತಲೆ ತೂರಿಸ್ಕೊಂಡು ಕೂತಿದ್ವಿ. 26ನೇ ನಿಮಿಷಕ್ಕೆ ನಮ್ಮ ಜೋನ್ಸ್‌ಗೆ ಕೊಟ್ಟಿದ್ದ ಹಳದಿ ಕಾರ್ಡನ್ನ ವಿಎಆರ್ ನೋಡಿ ಕೆಂಪು ಮಾಡಿದ್ರು, ಸರಿ ಅದನ್ನ ನುಂಗ್ಕೊಂಡ್ವಿ. ಆಮೇಲೆ ನಮ್ಮ ಡಿಯಾಸ್ ಗೋಲ್ ಹೊಡೆದ, ಲೈನ್ಸ್‌ಮನ್ ಬಾವುಟ ಎತ್ತಿ ಆಫ್‌ಸೈಡ್ ಅಂದ, ವಿಎಆರ್ ರೂಮಲ್ಲಿ ನೋಡಿದ್ರೆ ಆಫ್‌ಸೈಡೇ ಅಲ್ಲ. ಅದನ್ನ ಸರಿಯಾಗೇ ಕಂಡುಹಿಡಿದ್ರು ಕೂಡ! ಆದ್ರೆ ಅಲ್ಲಿ ಕೂತಿದ್ದವರು ಮೈದಾನದಲ್ಲಿ ಗೋಲ್ ಕೊಟ್ಟಿದಾರೆ ಅಂತ ಅಂದ್ಕೊಂಡು "ಚೆಕ್ ಕಂಪ್ಲೀಟ್" ಅಂದ್ರು, ಮೈದಾನದಲ್ಲಿದ್ದ ರೆಫ್ರಿ ಅದನ್ನ ಆಫ್‌ಸೈಡ್ ಅನ್ನೋದೇ ಸರಿ ಅಂತ ಅರ್ಥ ಮಾಡ್ಕೊಂಡು ಆಟ ಶುರು ಮಾಡಿದ. ಆಟ ಶುರು ಆಯ್ತಂದ್ರೆ ರೂಲ್ ಪ್ರಕಾರ ವಾಪಸ್ ಹೋಗೋ ಹಾಗಿಲ್ಲ. 96ನೇ ನಿಮಿಷಕ್ಕೆ ನಮ್ಮ ಮಾಟಿಪ್ ನಮ್ಮ ಗೋಲಿಗೇ ಹೊಡ್ಕೊಂಡ, 2-1ಕ್ಕೆ ಸೋತ್ವಿ. ಆ ರಾತ್ರಿ ನಾನು ಆಡಿದ ಮಾತು ಇಲ್ಲಿ ಬರೆಯೋಕಾಗಲ್ಲ, ಅಮ್ಮ ಎದ್ದು ಬಂದ್ರು.

ಮೂರು ದಿನ ಬಿಟ್ಟು ಆ ರೂಮಿನ ಆಡಿಯೋ ಹೊರಗೆ ಬಿಟ್ರು. ಅದನ್ನ ಕೇಳಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯ್ತು. ಅದ್ರಲ್ಲಿ ಮೋಸ ಇರ್ಲಿಲ್ಲ ಮಾರಾಯ್ರೇ, ಗಾಬರಿ ಇತ್ತು. ತಪ್ಪಾಗಿದೆ ಅಂತ ಗೊತ್ತಾದಾಗ ಆಟ ನಿಲ್ಲಿಸಿ ಅಂತ ಒಬ್ಬ ಹೇಳ್ತಿದಾನೆ, ಇನ್ನೊಬ್ಬ ಆಗಲ್ಲ ಆಗಲ್ಲ ಅಂತಿದಾನೆ. ಮೋಸ ಮಾಡೋನು ಇಷ್ಟು ಕೆಟ್ಟದಾಗಿ ಮಾಡಲ್ಲ. ಆದ್ರೆ ಅದೇ ವಾರ ಆ ರೂಮಲ್ಲಿದ್ದವ್ರಲ್ಲಿ ಇಬ್ರು ಯುಎಇಗೆ ಹೋಗಿ ಅಲ್ಲಿನ ಮ್ಯಾಚಿಗೆ ಕೆಲಸ ಮಾಡಿ ಬಂದಿದ್ರು ಅಂತ ಗೊತ್ತಾದ್ಮೇಲೆ ನಮ್ಮ ಗ್ರೂಪಲ್ಲಿ ಕಥೆ ಕಟ್ಟೋಕೆ ಇನ್ನೇನು ಬೇಕು, ಬೆಳಗಾಗೋದ್ರೊಳಗೆ ದೊಡ್ಡ ಷಡ್ಯಂತ್ರನೇ ರೆಡಿ ಆಗಿತ್ತು.

ನನಗೆ ಅನ್ಸೋದು ಇಷ್ಟು. ಮುಂಚೆ ರೆಫ್ರಿಗೆ ಒಂದು ನೆಪ ಇತ್ತು, "ಕಾಣ್ಲಿಲ್ಲ" ಅನ್ನೋದು. 1986ರಲ್ಲಿ ಮರಡೋನಾ ಕೈಯಲ್ಲಿ ಹೊಡೆದ, ರೆಫ್ರಿಗೆ ಕಾಣ್ಲಿಲ್ಲ. 2010ರಲ್ಲಿ ಜರ್ಮನಿ ಮೇಲೆ ಲ್ಯಾಂಪಾರ್ಡ್ ಹೊಡೆದ ಬಾಲ್ ಗೆರೆ ದಾಟಿ ಒಳಗೆ ಬಿದ್ದಿದ್ದು ಟಿವಿಯಲ್ಲಿ ಎಲ್ರಿಗೂ ಕಂಡ್ತು, ರೆಫ್ರಿ ಲೈನ್ಸ್‌ಮನ್ ಇಬ್ರಿಗೂ ಬಿಟ್ಟು. ಕುರುಡ ಅಂತ ಬೈದು ಮಲಗ್ತಿದ್ವಿ. ಈಗ ಆ ನೆಪ ಹೋಯ್ತಲ್ಲ? ನೋಡಿದಾನೆ, ನಿಧಾನಕ್ಕೆ ನೋಡಿದಾನೆ, ಗೆರೆ ಎಳೆದು ನೋಡಿದಾನೆ, ಆದ್ರೂ ಕೊಡ್ಲಿಲ್ಲ ಅಂದ್ರೆ ನಮ್ಮ ತಲೆಗೆ ಹೊಳೆಯೋದು ಒಂದೇ, ಬೇಕಂತಲೇ ಮಾಡಿದ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನವರು ವಿಎಆರ್ ಬಂದ್ಮೇಲೆ ಮುಖ್ಯ ತೀರ್ಪುಗಳಲ್ಲಿ ಸರಿ ಇರೋದು 82 ಪರ್ಸೆಂಟಿಂದ 96ಕ್ಕೆ ಏರಿದೆ ಅಂತಾರೆ, ಇರ್ಬಹುದು, ಆದ್ರೆ ಆ ಉಳಿದ 4 ಇದೆಯಲ್ಲ ಅದು ಮುಂಚಿನ 18ಕ್ಕಿಂತ ಜಾಸ್ತಿ ಉರಿಸುತ್ತೆ.

ಇನ್ನೊಂದು, ವಿಎಆರ್ ಏನು ಕೆಲಸ ಮಾಡುತ್ತೆ ಅನ್ನೋದೇ ನಮ್ಮಲ್ಲಿ ಅರ್ಧ ಜನಕ್ಕೆ ತಪ್ಪಾಗಿ ಗೊತ್ತಿದೆ, ನನಗೂ ತುಂಬ ದಿನ ಗೊತ್ತಿರ್ಲಿಲ್ಲ. ಅದು ಮುಖ್ಯವಾಗಿ ನೋಡೋದು ನಾಲ್ಕು ವಿಷಯ, ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬನಿಗೆ ಕಾರ್ಡ್ ಕೊಟ್ಟಿದ್ದು. ಅದ್ರಲ್ಲೂ ಪೆನಾಲ್ಟಿ ಬಂದಾಗ ಆ ರೂಮಲ್ಲಿ ಕೇಳ್ಕೊಳ್ಳೋ ಪ್ರಶ್ನೆ "ಇದು ಪೆನಾಲ್ಟಿಯಾ" ಅಂತಲ್ಲ, "ರೆಫ್ರಿ ಕೊಟ್ಟಿದ್ದು ಎದ್ದು ಕಾಣೋ ತಪ್ಪಾ" ಅಂತ. ಹಾಗಾಗಿ ಒಂದೇ ಥರದ ಎರಡು ಫೌಲ್, ಒಂದು ಮ್ಯಾಚಲ್ಲಿ ರೆಫ್ರಿ ಪೆನಾಲ್ಟಿ ಕೊಟ್ಟ, ವಿಎಆರ್ ಸುಮ್ನಿತ್ತು, ಇನ್ನೊಂದ್ರಲ್ಲಿ ಕೊಡ್ಲಿಲ್ಲ, ಅಲ್ಲೂ ವಿಎಆರ್ ಸುಮ್ನಿತ್ತು. ರೂಲ್ ಪ್ರಕಾರ ಎರಡೂ ಸರಿ. ಸೋಫಾದಲ್ಲಿ ಕೂತ ನಮಗೆ ಪೂರ್ತಿ ಅನ್ಯಾಯ. ನೀವು ಹೇಳೋ "ದೊಡ್ಡ ಟೀಮಿಗೆ ಒಂದು ನ್ಯಾಯ ಚಿಕ್ಕ ಟೀಮಿಗೆ ಒಂದು ನ್ಯಾಯ" ಬಹಳ ಸಲ ಇಲ್ಲಿಂದಲೇ ಹುಟ್ಟೋದು ಅಂತ ನನ್ನ ಲೆಕ್ಕ.

ಇದನ್ನ ನಾನೇ ಅನುಭವಿಸಿದೀನಿ. ಇಲ್ಲಿ ಮಳೆ ಹಿಡಿಯೋಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಸೆವೆನ್ಸ್ (ಟೀಮಿಗೆ ಏಳೇ ಜನ) ಟೂರ್ನಮೆಂಟ್ ನಡೀತಾವೆ, ಒಂದ್ಸಲ ಬರಬೇಕಿದ್ದ ರೆಫ್ರಿ ಬರ್ಲಿಲ್ಲ ಅಂತ ನನ್ನ ಕೈಗೆ ವಿಸಿಲ್ ಕೊಟ್ರು. ಕೊನೇ ಎರಡು ನಿಮಿಷ ಇರ್ಬೇಕಾದ್ರೆ ಡಿಫೆಂಡರ್ ಕೈಗೆ ಬಾಲ್ ತಾಗ್ತು, ಊದಿದೆ, ಪೆನಾಲ್ಟಿ. ಅವರ ಗ್ರಹಚಾರನೋ ನಂದೋ, ಗೋಲ್ ಹೊಡೆದ ಟೀಮಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದ. ಮ್ಯಾಚ್ ಮುಗಿಯೋಕೆ ಮುಂಚೆನೇ ಐದು ಫೋನಲ್ಲಿ ವಿಡಿಯೋ ಬಂತು. ನಿಧಾನ ಮಾಡಿ ತೋರಿಸ್ತಾರೆ, ನಿಲ್ಲಿಸಿ ತೋರಿಸ್ತಾರೆ, ಒಂದು ಫೋನಲ್ಲಿ ನೋಡಿದ್ರೆ ಕೈ ಮೈಗೆ ಅಂಟ್ಕೊಂಡಿದೆ, ಇನ್ನೊಂದ್ರಲ್ಲಿ ನೋಡಿದ್ರೆ ಗೋಲ್‌ಕೀಪರ್ ಥರ ಚಾಚಿದಾನೆ. ನಿಧಾನ ಮಾಡಿದಷ್ಟೂ ಎಲ್ಲ ಬೇಕಂತಲೇ ಮಾಡಿದ ಹಾಗೆ ಕಾಣುತ್ತೆ, ಅದೊಂದು ದೊಡ್ಡ ಕಾಟ. ಐದು ವಿಡಿಯೋ ನೋಡಿದ್ಮೇಲೆ ಇವತ್ತಿಗೂ ನನಗೆ ಅದು ಪೆನಾಲ್ಟಿ ಹೌದೋ ಅಲ್ವೋ ಗೊತ್ತಿಲ್ಲ, ಊದೋವಾಗ ಮಾತ್ರ ಗ್ಯಾರಂಟಿ ಇತ್ತು. ಆ ಡಿಫೆಂಡರ್ ಅಪ್ಪ ಎರಡು ವರ್ಷ ನನ್ ಜೊತೆ ಮಾತಾಡ್ಲಿಲ್ಲ, ಸಂತೆಯಲ್ಲಿ ಎದುರು ಸಿಕ್ರೆ ಮುಖ ಆ ಕಡೆ.

ಹಾಗಂತ ಪಕ್ಷಪಾತನೇ ಇಲ್ಲ ಅಂತಲ್ಲ. ಇಟಲಿಯಲ್ಲಿ 2006ರಲ್ಲಿ ಯುವೆಂಟಸ್‌ನ ಎರಡು ಟೈಟಲ್ ಕಿತ್ಕೊಂಡು ಕೆಳಗಿನ ಲೀಗಿಗೆ ಕಳಿಸಿದ್ದು ಯಾಕೆ? ಮ್ಯಾಚಿಗೆ ಯಾವ ರೆಫ್ರಿ ಬರ್ಬೇಕು ಅನ್ನೋದ್ರ ಬಗ್ಗೆ ಫೋನಲ್ಲಿ ಮಾತಾಡಿದ್ದು ಸಿಕ್ಕಿ. ಅಂದ್ರೆ ನಿಜವಾದ ಆಟ ನಡೆದಿದ್ದು ಫೋನಲ್ಲಿ, ಅದಕ್ಕೆ ಎಷ್ಟು ಕ್ಯಾಮೆರಾ ಇಟ್ರೂ ಏನೂ ಸಿಗಲ್ಲ. ಇನ್ನೊಂದು ಥರದ್ದು ರೆಫ್ರಿಗೂ ಗೊತ್ತಿಲ್ದೆ ಆಗೋದು, ಜನರ ಕೂಗಾಟ. ಕೋವಿಡ್ ಟೈಮಲ್ಲಿ ಖಾಲಿ ಸ್ಟೇಡಿಯಂ ಇಟ್ಕೊಂಡು ಆಡಿಸಿದಾಗ ಹೊರಗಿಂದ ಬಂದ ಟೀಮಿಗೆ ಬೀಳ್ತಿದ್ದ ಹಳದಿ ಕಾರ್ಡ್ ಕಮ್ಮಿ ಆಯ್ತು. ನಲವತ್ತು ಸಾವಿರ ಜನ ಒಟ್ಟಿಗೆ ಹೋ ಅಂದ್ರೆ ಯಾರ ಕೈಯಾದ್ರೂ ಕಾರ್ಡ್ ತೆಗೆಯೋಕೆ ಜೇಬಿಗೆ ಹೋಗುತ್ತೆ. ದೊಡ್ಡ ಟೀಮಿಗೆ ದೊಡ್ಡ ಸ್ಟೇಡಿಯಂ, ಅಷ್ಟೇ ವಿಷಯ ಅನ್ಸುತ್ತೆ ನನಗೆ.

ನಮ್ಮ ದೇಶದ ವಿಷಯಕ್ಕೆ ಬಂದ್ರೆ 2023ರ ಮಾರ್ಚ್ 3 ಬಿಟ್ಟು ಮಾತಾಡೋಕಾಗಲ್ಲ. ಬೆಂಗಳೂರಿನ ಕಂಠೀರವದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್), ಬಿಎಫ್‌ಸಿ ಅಂದ್ರೆ ಬೆಂಗಳೂರು ಎಫ್‌ಸಿ ಮತ್ತೆ ಕೇರಳ ಬ್ಲಾಸ್ಟರ್ಸ್ ನಾಕೌಟ್. ಇಲ್ಲಿಂದ ಏಳು ಜನ ಹೋಗಿದ್ವಿ, ನಾಲ್ಕು ಬಿಎಫ್‌ಸಿ, ಮೂರು ಬ್ಲಾಸ್ಟರ್ಸ್, ಒಂದೇ ಜೀಪು. (ಸಿದ್ದಾಪುರ ವಿರಾಜಪೇಟೆ ಕಡೆ ಮಲಯಾಳಿಗಳು ಜಾಸ್ತಿ, ಅರ್ಧ ಪೇಟೆನೇ ಬ್ಲಾಸ್ಟರ್ಸ್ ಹಳದಿ.) ಎಕ್ಸ್‌ಟ್ರಾ ಟೈಮಲ್ಲಿ ಫ್ರೀ ಕಿಕ್, ಬ್ಲಾಸ್ಟರ್ಸ್ ಇನ್ನೂ ಆಟಗಾರರನ್ನ ನಿಲ್ಲಿಸಿ ಗೋಡೆ ಕಟ್ತಾ ಇರ್ಬೇಕಾದ್ರೆ ಬಿಎಫ್‌ಸಿಯ ಛೇತ್ರಿ ಸುಮ್ನೆ ಬಾಲ್ ಒಳಗೆ ತಳ್ಳಿಬಿಟ್ಟ, ರೆಫ್ರಿ ಗೋಲ್ ಕೊಟ್ಟ. ಅವರ ಕೋಚ್ ಟೀಮ್ ಪೂರ್ತಿ ಕರ್ಕೊಂಡು ಹೊರಟೇ ಹೋದ. ಆಮೇಲೆ ಅವರಿಗೆ 4 ಕೋಟಿ ದಂಡ, ಕೋಚಿಗೆ 10 ಮ್ಯಾಚ್ ಬ್ಯಾನ್. ವಾಪಸ್ ಬರ್ಬೇಕಾದ್ರೆ ಹುಣಸೂರು ದಾಟೋ ತನಕ ಜೀಪಲ್ಲಿ ಒಂದು ಮಾತಿಲ್ಲ.

ಐಎಸ್‌ಎಲ್‌ನಲ್ಲಿ ಆಗ ವಿಎಆರ್ ಇರ್ಲಿಲ್ಲ, ಇದ್ದಿದ್ರೆ ನ್ಯಾಯ ಸಿಗ್ತಿತ್ತು ಅಂತ ನಮ್ಮ ಟೀ ಅಂಗಡಿ ಇಕ್ಕ ಈಗಲೂ ಹೇಳ್ತಾರೆ. ನನಗೆ ಹಾಗನ್ಸಲ್ಲ. ಫ್ರೀ ಕಿಕ್ ಬೇಗ ತಗೊಳ್ಳೋಕೆ ಬಿಟ್ಟಿದ್ದು ರೆಫ್ರಿ, ವಿಸಿಲ್ ತನಕ ಕಾಯಿ ಅಂತ ಅವನು ಹೇಳಿದ್ನಾ ಇಲ್ವಾ ಅನ್ನೋದು ಕ್ಯಾಮೆರಾ ಹೇಳೋ ವಿಷಯ ಅಲ್ಲ. ಆದ್ರೆ ಆವತ್ತು ರೆಫ್ರಿ ಒಂದು ಮೈಕ್ ಹಿಡ್ಕೊಂಡು "ಇಂಥ ಕಾರಣಕ್ಕೆ ಗೋಲ್ ಕೊಟ್ಟೆ" ಅಂತ ಹೇಳಿದ್ರೆ ಅರ್ಧ ಗಲಾಟೆ ಕಮ್ಮಿ ಆಗ್ತಿತ್ತು, ಇದನ್ನ ಮಾತ್ರ ನಾನು ಎಲ್ಲಿ ಬೇಕಾದ್ರೂ ವಾದ ಮಾಡ್ತೀನಿ.

ನಾವು ಹಾಕಿ ನೋಡ್ಕೊಂಡು ಬೆಳೆದವರು, ಅದಕ್ಕೇ ಇದು ಜಾಸ್ತಿ ಚುಚ್ಚುತ್ತೆ. ಇಂಟರ್‌ನ್ಯಾಷನಲ್ ಹಾಕಿಯಲ್ಲಿ ಟೀಮೇ ರೆಫರಲ್ ಕೇಳುತ್ತೆ, ಅಂಪೈರ್ "ಇವರ ಪ್ರಶ್ನೆ ಇದು" ಅಂತ ಹೇಳೋದು, ವಿಡಿಯೋ ಅಂಪೈರ್ ಉತ್ತರ ಹೇಳೋದು, ಎಲ್ಲ ಟಿವಿಯಲ್ಲಿ ಕೇಳುತ್ತೆ. ಕೇಳಿದ್ದು ತಪ್ಪಾದ್ರೆ ರೆಫರಲ್ ಹೋಯ್ತು, ಸರಿ ಇದ್ರೆ ಉಳೀತು. ಸೋತ್ರೂ ಯಾಕೆ ಸೋತ್ವಿ ಅಂತ ಗೊತ್ತಿರುತ್ತೆ. ಫುಟ್ಬಾಲಲ್ಲಿ ರೆಫ್ರಿ ಕಿವಿಗೆ ಬೆರಳಿಟ್ಕೊಂಡು ನಿಂತಿರ್ತಾನೆ, ಟಿಕೆಟ್ ಕೊಟ್ಟು ಒಳಗೆ ಕೂತೋನಿಗೆ ಏನೂ ಗೊತ್ತಾಗಲ್ಲ, ಗೋಲ್ ಆದಾಗ ಕುಣಿಬೇಕಾ ಕಾಯಬೇಕಾ ಅದೂ ಗೊತ್ತಾಗಲ್ಲ. ನಾರ್ವೆಯಲ್ಲಿ ಜನ ವಿಎಆರ್ ಮೇಲೆ ತಾಳ್ಮೆಗೆಟ್ಟು 2024ರಲ್ಲಿ ಮೈದಾನಕ್ಕೆ ಮೀನಿನ ವಡೆ ಎಸೆದು ಮ್ಯಾಚೇ ನಿಲ್ಲಿಸಿಬಿಟ್ರು. ಅದೇ ವರ್ಷ ಪ್ರೀಮಿಯರ್ ಲೀಗಲ್ಲಿ ವಿಎಆರ್ ತೆಗೀರಿ ಅಂತ ವುಲ್ವ್ಸ್ ಕ್ಲಬ್‌ನವರು ವೋಟಿಗೆ ಹಾಕಿಸಿದ್ರೆ 19-1ರಲ್ಲಿ ಬಿದ್ದೋಯ್ತು. ಬೈಯೋಕೆ ಎಲ್ರೂ, ಬಿಡೋಕೆ ಯಾರೂ ಇಲ್ಲ.

ಈಗ ಸ್ವಲ್ಪ ಸ್ವಲ್ಪ ಸರಿ ಮಾಡ್ತಿದಾರೆ. 2023ರ ಮಹಿಳಾ ವಿಶ್ವಕಪ್ಪಲ್ಲಿ ರೆಫ್ರಿಗಳು ಮೈಕಲ್ಲೇ ತೀರ್ಪು ಹೇಳಿದ್ರು, ಆಮೇಲೆ ಇಂಗ್ಲೆಂಡಲ್ಲೂ ಶುರು ಮಾಡಿದ್ರು. ಕೋಚೇ ಮ್ಯಾಚಿಗೆ ಎರಡು ಸಲ ರಿವ್ಯೂ ಕೇಳೋ ಪದ್ಧತಿನ 2024ರ ಅಂಡರ್ 20 ಮಹಿಳಾ ವಿಶ್ವಕಪ್ಪಲ್ಲಿ ಫಿಫಾ ಟ್ರೈ ಮಾಡಿದೆ, ಪಕ್ಕಾ ನಮ್ಮ ಹಾಕಿ ಥರ, ಕ್ಯಾಮೆರಾನೂ ಜಾಸ್ತಿ ಬೇಡ. ಇಲ್ಲಿಗೆ ಬರೋದಾದ್ರೆ ಇದೇ ಬರ್ಲಿ ಅಂತ ನನ್ನಾಸೆ, ಕೇಳೋದು ಬಿಡೋದು ನಮ್ಮ ಕೋಚ್ ತಲೆಮೇಲೆ ಇರ್ಲಿ, ಆಗ ಬೈಯೋಕೆ ರೆಫ್ರಿ ಜೊತೆ ಇನ್ನೊಬ್ಬ ಸಿಗ್ತಾನೆ.

ಅಂದ ಹಾಗೆ ಪ್ರಶ್ನೆಯಲ್ಲಿ "ದೊಡ್ಡ ಟೀಮ್, ದೊಡ್ಡ ಟೀಮ್" ಅಂತ ಮೂರು ಸಲ ಬರೆದಿದೀರ, ನಿಮ್ದು ಯಾವ ಟೀಮ್ ಅಂತ ಒಂದ್ಸಲನೂ ಬರೆದಿಲ್ಲ. ಅದೊಂದು ಹೇಳಿಬಿಡಿ, ಆಮೇಲೆ ಮುಂದಿನ ಜಗಳ ಕಾಮೆಂಟಲ್ಲಿ ಆಡೋಣ.