ಆಸ್ಬೆಸ್ಟಾಸ್ ಕಾಯಿಲೆಯಿಂದ ಉಸಿರಾಟ ಎಷ್ಟು ಕುಂದಿದೆ ಅಂತ ಎಕ್ಸ್‌ರೇ ನೋಡಿ ಹೇಳಬಹುದಾ?

ಎಕ್ಸ್‌ರೇ ಒಂದರಿಂದಲೇ ಹೇಳಲು ಆಗುವುದಿಲ್ಲ. ಅದು ಕಾಯಿಲೆಯ ಗುರುತು ತೋರಿಸುತ್ತದೆ. ಆ ಮನುಷ್ಯ ಎಷ್ಟು ದುಡಿಯಬಲ್ಲ ಅಂತ ತಿಳಿಯಲು ಶ್ವಾಸಕೋಶದ ಕೆಲಸವನ್ನೇ ಅಳೆಯಬೇಕು.

ಒಳಹೋದ ಆಸ್ಬೆಸ್ಟಾಸ್ ಎಳೆಗಳಿಂದ ಗಾಳಿಚೀಲಗಳ ಸುತ್ತ ಗಾಯದ ಕಲೆ ಕಟ್ಟುತ್ತದೆ. ಶ್ವಾಸಕೋಶ ಬಿಗಿಯಾಗಿ ಸರಿಯಾಗಿ ಹಿಗ್ಗುವುದಿಲ್ಲ, ಆಮ್ಲಜನಕ ರಕ್ತಕ್ಕೆ ದಾಟುವುದೂ ಕಷ್ಟವಾಗುತ್ತದೆ. ಹಾಗಾಗಿ ಊದಿಸಿ ನೋಡುವ ಸ್ಪೈರೋಮೆಟ್ರಿ ಜೊತೆಗೆ, ಗಾಳಿ ರಕ್ತಕ್ಕೆ ಎಷ್ಟು ದಾಟುತ್ತದೆ ಅಂತ ಅಳೆಯುವ ಡಿಎಲ್‌ಸಿಒ ಪರೀಕ್ಷೆಯೂ ಬೇಕು. ಇದರಲ್ಲಿ ತೀರಾ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಬೆರೆಸಿದ ಗಾಳಿ ಎಳೆದುಕೊಂಡು ಸುಮಾರು 10 ಸೆಕೆಂಡ್ ಉಸಿರು ಹಿಡಿಯಬೇಕು. ಬಿಟ್ಟ ಗಾಳಿಯಲ್ಲಿ ಅದು ಎಷ್ಟು ಉಳಿದಿದೆ ಅಂತ ನೋಡಿದರೆ, ರಕ್ತಕ್ಕೆ ಎಷ್ಟು ದಾಟಿತು ಅಂತ ಗೊತ್ತಾಗುತ್ತದೆ.

ನಡಿಗೆ ಪರೀಕ್ಷೆಯನ್ನಂತೂ ಬಿಡಲೇಬಾರದು. ಕೂತಾಗ ಬೆರಳಿನ ಆಕ್ಸಿಮೀಟರ್ ರಕ್ತದ ಆಮ್ಲಜನಕ ಶೇಕಡಾ 96 ಅಂತ ತೋರಿಸಬಹುದು. 6 ನಿಮಿಷ ನಡೆಸಿದರೆ 86ಕ್ಕೆ ಇಳಿಯಬಹುದು. ಮೂಟೆ ಹೊರುವವರಿಗೆ ಮುಖ್ಯವಾದದ್ದು ಈ ಎರಡನೇ ಅಂಕಿ, ಅಲ್ವಾ? ಇನ್ನು ಶ್ವಾಸಕೋಶದ ಹೊರಪೊರೆಯ ಕಲೆಗಳು ಎಕ್ಸ್‌ರೇಯಲ್ಲಿ ಎದ್ದು ಕಂಡರೂ ಉಸಿರಿಗೆ ಅಷ್ಟೇನೂ ತೊಂದರೆ ಕೊಡದೇ ಇರಬಹುದು.

ಕಾಯಿಲೆ ಹೊರಬೀಳಲು ಎಷ್ಟೋ ಸಲ 20 ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಆಸ್ಬೆಸ್ಟಾಸ್ ಕೆಲಸ ಮಾಡುವ ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕನಿಷ್ಠ 40 ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಳೆಯ ವರದಿಗಳನ್ನು ಕೇಳಿ ಪಡೆದು, ಈಗಿನದರ ಪಕ್ಕ ಇಟ್ಟು ಡಾಕ್ಟರಿಗೆ ತೋರಿಸಿ.